ಹಿತ್ತಲ ಬೇಲಿಯಿಂದ ಬಂದ ಕೆಂಡ

ಹಲಗೂರಿನಿಂದ ಎರಡು ಹರದಾರಿ ಒಳಗಿದ್ದ ನಮ್ಮ ಹಳ್ಳಿಯಲ್ಲಿ ಒಂದು ಕೇರಿಯವರನ್ನು ಸುತ್ತಿನವರು ನೇಸರೊಕ್ಕಲು ಎಂದು ಕರೆಯುತ್ತಿದ್ದರು. ನಮಗೆ ಗುಡಿಯಿರಲಿಲ್ಲ. ಸೂರ್ಯನೊಬ್ಬನೇ ದೇವರು, ಒಲೆಯ ಬೆಂಕಿ ಅವನ ತುಣುಕು. ಅಲ್ಲಿಯವರೆಗೆ ಕೇರಿಯೆಲ್ಲ ಒಂದೇ. ಸಂಜೆಯಾದರೆ ಎರಡಾಗುತ್ತಿತ್ತು. ದೇವರು ಮುಳುಗಿದ ಮೇಲೆ ಅವನ ಬೆಂಕಿ ಇಟ್ಟುಕೊಳ್ಳುವುದು ಕಳ್ಳತನ ಎಂದು ಭೂತಗನ್ನಡಿಯಿಂದಾಗಿ ಗನ್ನಡಿಯವರು ಎನಿಸಿಕೊಂಡ ನಾವು ಒಲೆ ಆರಿಸುತ್ತಿದ್ದೆವು. ಬೆಳಿಗ್ಗೆ ಬಿಸಿಲೇರಿದ ಮೇಲೆ ಭೂತಗನ್ನಡಿ ಹಿಡಿದು, ಒಣಹತ್ತಿಗೆ ಹೊಸ ಬೆಂಕಿ ಇಳಿಸಿ ಮನೆಮನೆಗೆ ಹಂಚುತ್ತಿದ್ದೆವು. ಅವನು ತಿರುಗಿ ಬರುವ ತನಕ ತುಣುಕನ್ನು ಕಾಯುವುದೇ ಭಕ್ತಿ ಎಂದು ಕೆಂಡದವರು ಬೂದಿ ಮುಚ್ಚಿ ಕೆಂಡ ಉಳಿಸುತ್ತಿದ್ದರು. ಎರಡು ಕಡೆಯವರ ನಡುವೆ ಹೆಣ್ಣು ಕೊಟ್ಟು ತರುವುದಿರಲಿಲ್ಲ. ಬೆಂಕಿ ಕೊಟ್ಟು ತರುವುದು ಅದಕ್ಕಿಂತ ದೊಡ್ಡ ತಪ್ಪು. ಬೆಂಕಿಪೊಟ್ಟಣವನ್ನಂತೂ ಇಬ್ಬರೂ ಕೇರಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ನಾನು ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿ ಬಂದ ವರ್ಷ ಅಪ್ಪ ತೀರಿಕೊಂಡರು. ದಿನವೂ ಬೆಂಕಿ ಇಳಿಸುತ್ತಿದ್ದ ಅವರ ಗನ್ನಡಿ ನನ್ನ ಕೈಗೆ ಬಂತು. ಓದಿದವನ ಕೈಗೆ ಬಂತಲ್ಲ ಎಂದು ಎಲ್ಲರಿಗೂ ಹೆಮ್ಮೆ.

ಆ ಆಷಾಢದಲ್ಲಿ ಅಕ್ಕ ಹೆರಿಗೆಗೆ ಬಂದಿದ್ದಳು. ನಾಲ್ಕು ದಿನದಿಂದ ಮೋಡ ಹರಿದಿರಲಿಲ್ಲ, ಜಡಿಮಳೆ ನಿಂತಿರಲಿಲ್ಲ. ನಮ್ಮ ಕಡೆಯ ಒಲೆಗಳೆಲ್ಲ ತಣ್ಣಗಿದ್ದವು. ನೆನೆಸಿದ ಅವಲಕ್ಕಿ ತಿಂದು ದಿನ ದೂಡುತ್ತಿದ್ದೆವು. ನಾಲ್ಕನೆಯ ದಿನ ಮಧ್ಯಾಹ್ನ ಮಗು ಹುಟ್ಟಿತು. ಅಕ್ಕನ ಹಲ್ಲು ಕಟಕಟ ಎನ್ನತೊಡಗಿತು. ಬೇರೆ ಕೇರಿಯಿಂದ ಬಂದಿದ್ದ ಸೂಲಗಿತ್ತಿ ಹೊರಗೆ ಬಂದು ನನ್ನ ಮೇಲೆ ರೇಗಿದಳು.

"ಮೈಯೆಲ್ಲ ತಣ್ಣಗಾಯ್ತಾ ಅದೆ ಕಣಪ್ಪ. ಬಿಸಿನೀರು ಬೇಕು, ಬೆಂಕಿ ಕಾಯಿಸ್ಬೇಕು. ನಿಮ್ಮ ದ್ಯಾವ್ರು ಮೋಡ ಬುಟ್ಟು ಬರೋಗಂಟ ಇವಳು ಉಳಿಯಾಕಿಲ್ಲ."

ನಾನು ಗನ್ನಡಿ ಹಿಡಿದು ಹಿತ್ತಲಿಗೆ ಓಡಿದೆ. ಮೋಡದಡಿ ಗಾಜು ಹಿಡಿದರೆ ಏನೂ ಆಗುವುದಿಲ್ಲ ಎಂದು ಓದಿದ ನನಗೆ ಗೊತ್ತಿತ್ತು. ಆದರೂ ಹಿಡಿದು ನಿಂತೆ. ಒಳಗೆ ಅಕ್ಕನ ನರಳಾಟ ಸಣ್ಣದಾಗುತ್ತಾ ಹೋಯಿತು.

ಬೇಲಿಯಾಚೆಯದು ಕೆಂಡದವರ ಒಬ್ಬ ವಿಧವೆಯ ಮನೆ. ಗಂಡ, ಮಕ್ಕಳು ಇಲ್ಲದ ಆಕೆಗೆ ಅತ್ತೆಯ ಕಾಲದಿಂದ ಆರದೆ ಬಂದ ಒಲೆಯೊಂದೇ ಆಸ್ತಿ. ಬೇಲಿಯ ಸಂದಿಯಿಂದ ಒಂದು ಒಡಕು ಮಡಕೆ ಈಚೆ ಬಂತು. ತುಂಬ ಕೆಂಡ.

"ತಕಳ್ಳಾ. ಯಾರ್ಗೂ ಏಳ್ಬ್ಯಾಡ. ನಾನೂ ಏಳಾಕಿಲ್ಲ."

"ದೊಡ್ಡವ್ವ, ನಿಮ್ಮೋರಿಗೆ ಗೊತ್ತಾದ್ರೆ..."

"ಬಾಯ್ ಮುಚ್ಕಂಡು ಓಗ್ಲಾ, ಅಲ್ಲಿ ಅವಳು ಸಾಯ್ತಾವ್ಳೆ!"

ಒಲೆ ಹೊತ್ತಿತು. ಅಕ್ಕ ಉಳಿದಳು. ಆದರೆ ಒಲೆ ಹೊತ್ತಿದರೆ ಹೊಗೆ ಸುಮ್ಮನಿರುತ್ತದೆಯೆ? ಹೆಂಚಿನ ಮೇಲೆ ಹೊಗೆ ಕಂಡು ನಮ್ಮವರು ಓಡಿಬಂದರು. ಮುಂದೆ ನಮ್ಮ ಕಡೆಯ ಹಿರಿಯ, ನನ್ನ ದೊಡ್ಡಪ್ಪ. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣಲ್ಲಿ ನೀರು.

"ಮೋಡದಲ್ಲೂ ಬೆಂಕಿ ಕೊಟ್ನೇನ್ಲಾ ನಮ್ಮಪ್ಪ ನೇಸರ?"

ನಾನು ಹೂಂ ಅಂದೆ. ಅಷ್ಟೇ ಸಾಲದೆ, ಮೋಡ ಒಂದು ಗಳಿಗೆ ತೆಳುವಾಯಿತೆಂದೂ ಕಿರಣಗಳು ಗಾಜಿನಲ್ಲಿ ಒಂದೆಡೆ ಕೂಡಿದವೆಂದೂ ಪಾಠ ಒಪ್ಪಿಸಿದೆ. ಓದಿದ ಹುಡುಗನ ಮಾತು. ಯಾರೂ ಅನುಮಾನಿಸಲಿಲ್ಲ. ಸಂಜೆಯೊಳಗೆ ಆ ಕೆಂಡದ ಬೆಂಕಿ ನಮ್ಮವರ ಅಷ್ಟೂ ಒಲೆಗಳಿಗೆ ಹೋಯಿತು.

ಮೂರು ದಿನದ ಮೇಲೆ ಬಿಸಿಲು ಬಂತು. ದೊಡ್ಡಪ್ಪ ಎರಡು ಕಡೆಯವರನ್ನೂ ಕಣಕ್ಕೆ ಕರೆಸಿದರು.

"ಯಾರು ಸರಿ ಅಂತ ನೇಸರನೇ ತೀರ್ಮಾನ ಮಾಡವ್ನೆ. ಇವತ್ತೇ ನಿಮ್ಮ ಒಲೆಗೆಲ್ಲ ನೀರು ಉಯ್ದು ನಮ್ಮ ಕಡೆಗೆ ಬನ್ನಿ."

ಕೆಂಡದವರಲ್ಲಿ ಕೆಲವರು ಅಳುತ್ತಿದ್ದರು. ಹೋಗಿ ಕೊಡ ತರಲು ಇಬ್ಬರು ಎದ್ದೇಬಿಟ್ಟರು. ಆಗ ವಿಧವೆ ಎದ್ದು ನಿಂತಳು.

"ಕುಂತ್ಕಳ್ರೋ. ಅದು ನನ್ನ ಒಲೆ ಕೆಂಡ. ನಾನೇ ಬೇಲಿ ಸಂದೀಲಿ ಕೊಟ್ಟೆ. ಬೇಕಾದ್ರೆ ಅವನ್ನೇ ಕೇಳಿ."

ನಮ್ಮಲ್ಲಿ ಆಣೆಯೆಂದರೆ ಅಂಗೈ ಬಿಡಿಸಿ ಸೂರ್ಯನಿಗೆ ತೋರಿಸಿ, ಕಣ್ಣು ಮುಚ್ಚದೆ ಅವನನ್ನೇ ನೋಡುತ್ತ ಮಾತಾಡುವುದು. ಹಾಗೆ ಸುಳ್ಳಾಡಿದವನ ಕಣ್ಣು ಉರಿದುಹೋಗುತ್ತದೆಂದು ಎರಡು ಕಡೆಯವರೂ ನಂಬಿದ್ದರು. ನನ್ನನ್ನು ನಿಲ್ಲಿಸಿದರು. ನಿಜ ಹೇಳಿದರೆ ನಮ್ಮವರ ಒಲೆಗಳೆಲ್ಲ ಮೈಲಿಗೆ. ಬಾಣಂತಿ, ಹಸುಗೂಸಿನ ಸಮೇತ ನಾವು ಕೇರಿಯ ಹೊರಗೆ. ದೊಡ್ಡಪ್ಪ ನನ್ನ ಪಕ್ಕದಲ್ಲೇ ಉಸಿರು ಬಿಡುತ್ತಿದ್ದರು. ನಾನು ಕೈ ಎತ್ತಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಂಗೆ ಯಾರೂ ಕೆಂಡ ಕೊಡ್ಲಿಲ್ಲ" ಎಂದೆ.

ಕೆಂಡದವರ ಹಿರಿಯ ಎದ್ದು ಆಕೆಗೆ ಹೇಳಿದ: "ಕೊಟ್ಟಿದ್ರೆ ನಮಗೆ ದ್ರೋಹ ಮಾಡ್ದೆ. ಕೊಡ್ದೆ ಇದ್ರೆ ನೇಸರನ ಮುಂದೆ ಸುಳ್ಳಾಡ್ದೆ. ಎಂಗಾದ್ರೂ ಆ ಒಲೆ ನಿಂಗಿಲ್ಲ." ಉಳಿದವರ ಒಲೆಗೆ ನೀರು ಬೀಳಲಿಲ್ಲ. ಆಕೆ ಹೇಳಿದ್ದು ಸುಳ್ಳೆಂದು ಯಾರೂ ಪೂರಾ ನಂಬಿರಲಿಲ್ಲವೇನೋ. ನೀರು ಬಿದ್ದದ್ದು ಆಕೆಯ ಒಲೆಗೆ. ಬೇಲಿಯಾಚೆ ಚುಯ್ಯೆಂದ ಸದ್ದು, ಬೂದಿಯ ವಾಸನೆ ನಮ್ಮ ಬಾಣಂತಿ ಕೋಣೆಯವರೆಗೂ ಬಂತು. ಅಕ್ಕ ಏನದು ಎಂದು ಕೇಳಿದಳು. ಏನಿಲ್ಲ ಎಂದೆ.

ಗಂಟು ಹೊತ್ತು ಪೂರಿಗಾಲಿಯ ತಮ್ಮನ ಮನೆಗೆ ಹೊರಟ ಆಕೆ ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತು, "ಕೂಸು ಮೊಲೆ ಕುಡೀತದೇನ್ಲಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಹೋದಳು.

ಮರುದಿನದಿಂದ ನನಗೆ ಬೆಳಗಾಗುವುದೆಂದರೆ ಭಯ. ಇವತ್ತು ಗನ್ನಡಿಗೆ ಹತ್ತಿ ಹೊತ್ತುವುದಿಲ್ಲ, ಇವತ್ತು ಕಣ್ಣು ಹೋಗುತ್ತದೆ ಎಂದು ಕಾಯುತ್ತಿದ್ದೆ. ಹತ್ತಿ ದಿನವೂ ಹೊತ್ತುತ್ತಿತ್ತು. ಹೊತ್ತದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಏನೂ ಆಗದಂತೆ ಹೊತ್ತುತ್ತಿದ್ದುದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹೆಂಗಸರು ಭಕ್ತಿಯಿಂದ ಒಣಗಿದ ತೆಂಗಿನ ಮಟ್ಟೆ ಚಾಚಿ ನನ್ನ ಕೈಯಿಂದ ಬೆಂಕಿ ಒಯ್ಯುತ್ತಿದ್ದರು.

ಎರಡು ವರ್ಷವಾದ ಮೇಲೆ ತಡೆಯಲಾರದೆ ಪೂರಿಗಾಲಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಆಕೆ ತಮ್ಮನ ಮನೆಯ ಹಿಂದಿನ ಚಪ್ಪರದಲ್ಲಿ ಕಡ್ಡಿ ಗೀರಿ ಒಲೆ ಹಚ್ಚುತ್ತಿದ್ದಳು. ತಮ್ಮನ ಹೆಂಡತಿ, ಮಕ್ಕಳು ಹತ್ತಿರವೇ ಇದ್ದರು. ನನ್ನನ್ನು ನೋಡಿ ಆಕೆಯ ಕೈ ನಿಂತಿತು.

"ಏನಾರ ಏಳಕ್ ಬಂದ್ಯೇನ್ಲಾ?"

ಇಲ್ಲಿ ಹೇಳಿದರೆ ಮಾತು ಹಲಗೂರಿಗೆ ಮುಟ್ಟುತ್ತದೆ, ಅಲ್ಲಿಂದ ದೊಡ್ಡಪ್ಪನಿಗೆ.

"ಇಲ್ಲ ಕಣ್ ದೊಡ್ಡವ್ವ. ಇಂಗೇ ಈ ಕಡೆ ಬಂದಿದ್ದೆ."

ಆಕೆ ಒಲೆಗೆ ಸೌದೆ ನೂಕಿದಳು.

"ಸರಿ ಬುಡು. ಇಟ್ಟು ಬೇಯ್ತದೆ, ಉಂಡೋಗು."

ತಲೆ ತಗ್ಗಿಸಿ ಉಂಡು ಬಂದೆ.