ಮಗಳನ್ನು ಕೇಳಿದ ಪ್ರಶ್ನೆಗಳು

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಸೋಮವಾರ ನನ್ನ ಮಗಳು ಗುಂಡ್ಲುಪೇಟೆಯ ನಮ್ಮ ಮನೆ ಬಿಟ್ಟು ತೆರಕಣಾಂಬಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋದಳು. ಚಾಮರಾಜನಗರದ ಕಾಲೇಜಿಗೆ ಅಲ್ಲಿಂದ ಹತ್ತಿರ ಎಂದು ನೆಂಟರಿಗೆ ಹೇಳಿದೆವು. ಹತ್ತಿರ ಎಂಬುದು ನಿಜ. ಕಾರಣ ಅದಲ್ಲ.

ಅದರ ಹಿಂದಿನ ವಾರ ಅವಳು ಕಾಲೇಜಿನಿಂದ ಬಂದವಳೇ, ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು, ‘ಅಪ್ಪ, ಬಸ್ಸಲ್ಲಿ ಒಬ್ಬ ದಿನಾ ನನ್ನ ಹಿಂದೇನೇ ಬಂದು ನಿಂತ್ಕೋತಾನೆ. ಇವತ್ತು ಕೈ ಹಾಕ್ದ’ ಎಂದಳು.

ನಾನು ಪತ್ರಿಕೆಯೊಂದರ ವರದಿಗಾರ. ಯಾರು, ಎಲ್ಲಿ, ಯಾವಾಗ, ನೋಡಿದವರು ಯಾರು ಎಂದು ಕೇಳದೆ ಯಾವ ಮಾತನ್ನೂ ಒಪ್ಪಿಕೊಳ್ಳದಿರುವುದು ನಮ್ಮ ಕಸುಬು. ದನಿ ಏರಿಸದೆ ಕೇಳಿದೆ. ಯಾವ ಬಸ್ಸು? ಹೇಳಿದಳು. ಎಲ್ಲಿ ನಿಂತಿದ್ದೆ? ಹೇಳಿದಳು. ರಶ್ ಇತ್ತಾ?

‘ಇತ್ತು.’

‘ಹಂಗಾದ್ರೆ ಬೇಕಂತ್ಲೇ ಮಾಡ್ದ ಅಂತ ಹೆಂಗೆ ಗೊತ್ತು? ಯಾರಾದ್ರೂ ನೋಡಿದ್ರಾ?’

‘ಬುಡಪ್ಪ’ ಎಂದು ಒಳಗೆ ಹೋದಳು.

ಅವಳನ್ನು ಕರೆದೊಯ್ಯಲು ಬಂದ ತಂಗಿ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: ‘ನಾಯಿ ಕಚ್ಚುಬುಡ್ತು ಅಂದ್ರೆ ಆ ನಾಯಿ ಹೆಸ್ರೇನು ಅಂತ ಕೇಳ್ತೀಯ ಕಣಣ್ಣ ನೀನು.’ ನನ್ನ ಹೆಂಡತಿಗೆ ನಗು ಬಂತು. ಮಗಳು ನಗಲಿಲ್ಲ. ಮುಂದೆ ತಂಗಿಯೇ ಕೆಲವು ದಿನ ಅವಳ ಜೊತೆ ಬಸ್ಸಿನಲ್ಲಿ ಓಡಾಡಿ, ಒಂದು ಬೆಳಿಗ್ಗೆ ಆ ಗಂಡಸನ್ನು ಎಲ್ಲರೆದುರು ಬೈದು ಇಳಿಸಿದಳಂತೆ. ಅದು ನನಗೆ ಹೆಂಡತಿಯ ಬಾಯಿಂದ ತಿಳಿಯಿತು.

ಆ ದಿನಗಳಲ್ಲೇ ಪತ್ರಿಕೆಯವರು ದೀಪಾವಳಿ ವಿಶೇಷಾಂಕಕ್ಕೆ ಒಂದು ಕಥೆ ಕೇಳಿದರು. ತಲೆಯಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ಇದನ್ನೇ ಬರೆಯಲು ಕೂತೆ. ಕಥೆಯ ತಂದೆಗೆ ನನ್ನ ಅಪ್ಪನ ಗುಣ ಕೊಟ್ಟೆ. ಹಂಗಳದಲ್ಲಿ ಬೇಸಾಯ ಮಾಡಿಕೊಂಡಿದ್ದ ಅಪ್ಪ ಮಾತಿಗಿಂತ ಮೊದಲು ಕೈ ಎತ್ತುತ್ತಿದ್ದ. ಅವನಂತಾಗಬಾರದೆಂದೇ ನಾನು ತಣ್ಣಗಿನ ಮನುಷ್ಯನಾದೆ. ಅದರ ಹೆಮ್ಮೆಯೂ ನನಗಿತ್ತು.

ಆದರೆ ಕಥೆ ಮುಂದೆ ಹೋಗಲಿಲ್ಲ. ಮಗಳ ಬಾಯಿಂದ ಆ ಮಾತು ಬಂದ ಕೂಡಲೇ ಆ ಒರಟು ತಂದೆ ಮಚ್ಚು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟ. ಹೇಗೆ ತಿದ್ದಿ ಬರೆದರೂ ಅವನು ಮಗಳನ್ನು ಅನುಮಾನಿಸಲಿಲ್ಲ.

ಆ ತಂದೆಯನ್ನು ಕಥೆಯಿಂದ ಹೊಡೆದುಹಾಕಿ, ದನಿ ಏರಿಸದ ಒಬ್ಬನನ್ನು ಅಲ್ಲಿ ಕೂರಿಸಿದೆ. ಪ್ರಶ್ನೆಗಳು ತಾವಾಗಿ ಬಂದವು, ಒಂದನ್ನೂ ತಿದ್ದಬೇಕಾಗಲಿಲ್ಲ. ಇವನು ಇಷ್ಟೊಂದು ಯಾಕೆ ಕೇಳುತ್ತಾನೆ ಎಂದು ಬರೆಯಬೇಕಾಗಿ ಬಂದಾಗ ಪೆನ್ನು ನಿಂತಿತು. ಮಾತು ನಿಜವಾದರೆ ಅವನು ಠಾಣೆಗೆ ಹೋಗಬೇಕು. ಗುರುತಿನವರ ಮುಂದೆ ಮಗಳ ವಿಷಯ ಹೇಳಬೇಕು. ದಿನವೂ ಬೇರೆಯವರ ಮನೆಯ ಸುದ್ದಿ ಬರೆಯುವವನ ಮನೆಯೇ ಸುದ್ದಿಯಾಗುತ್ತದೆ. ಅದಕ್ಕೇ, ಒಂದೇ ಒಂದು ಉತ್ತರ ತಪ್ಪಲಿ ಎಂದು ಕಾಯುತ್ತಿದ್ದ. ರಶ್ ಇತ್ತು ಎಂದು ಅವಳು ಹೇಳಿದಾಗ ಅವನಿಗೆ ಎದೆ ಹಗುರಾಯಿತು ಎಂದು ಬರೆದೆ. ಹಗುರಾದದ್ದು ನನಗೆ.

ಕಥೆಯ ಕೊನೆಗೆ ಹುಡುಗಿ ತಂದೆಗೆ ಒಂದು ಪುಟದಷ್ಟು ಉತ್ತರ ಕೊಡುತ್ತಾಳೆ. ಆ ಪುಟದ ಫೋಟೊ ತೆಗೆದು ಮಗಳ ಮೊಬೈಲಿಗೆ ಕಳಿಸಿದೆ. ಮರುದಿನ ಉತ್ತರ ಬಂತು: ‘ಇಷ್ಟೆಲ್ಲ ಮಾತಾಡೋಕಾಗಿದ್ರೆ ಅವಳು ಮನೇಲೇ ಇರ್ತಿದ್ಲು ಅಪ್ಪ.’

ಕಥೆಯನ್ನು ವಿಶೇಷಾಂಕಕ್ಕೆ ಕೊಡಲಿಲ್ಲ. ನಡೆದದ್ದನ್ನೇ ಬರೆಯಲಾ ಎಂದು ಈಚೆಗೆ ಮಗಳನ್ನು ಕೇಳಿದೆ. ‘ಬರ್ಕೋ, ಹೆಸರು ಹಾಕ್ಬೇಡ’ ಎಂದಳು.

ಹೋದ ಭಾನುವಾರ ಗುಂಡ್ಲುಪೇಟೆಗೆ ಬಂದಿದ್ದಳು. ಊಟವಾದ ಮೇಲೆ ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಏನೋ ಹೇಳುತ್ತಿದ್ದಳು. ನಾನು ನೀರಿಗೆಂದು ಒಳಗೆ ಹೋದಾಗ ಮಾತು ನಿಲ್ಲಿಸಿದಳು. ಸಂಜೆಯ ಬಸ್ಸಿಗೆ ತೆರಕಣಾಂಬಿಗೆ ಹೋದಳು.