ಬೈಯದ ಡಾಕ್ಟರು

ನಾನು ಡಾಕ್ಟರ್. ಹೆಸರಿನ ಮುಂದೆ ಹಾಗೆ ಬರೆದುಕೊಳ್ಳಲು ವಿಶ್ವವಿದ್ಯಾಲಯವೇ ಅಪ್ಪಣೆ ಕೊಟ್ಟಿದೆ. ಆದರೆ ನನಗೆ ಸೂಜಿ ಚುಚ್ಚಲು ಬರುವುದಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಪಿಎಚ್.ಡಿ. ಮುಗಿಸಿ ಊರಿಗೆ ಹೋದ ದಿನ ಎದುರುಮನೆಯ ಶಾಂತವ್ವ ಸೆರಗು ಸರಿಸಿ, ತೋಳು ಮುಂದೆ ಚಾಚಿಕೊಂಡೇ ಬಂದಳು. ನಾನು ಆ ಡಾಕ್ಟರ್ ಅಲ್ಲ ಎಂದೆ.

"ಹಂಗಾರ ಯಾವ ಡಾಕ್ಟರ್ ತಂಗಿ ನೀ? ದನದ್ದಾ?"

"ಅಲ್ಲ ಚಿಗವ್ವ, ಮನಸ್ಸಿನ ಬಗ್ಗೆ ಓದೀನಿ."

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ದನದ್ದರ ಓದಬಾರದಿತ್ತೇನು, ನಮ್ಮ ಎಮ್ಮಿ ಹಾಲ ಇಳಸವಲ್ದು" ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಇದರಿಂದ ನನ್ನ ಹೆಮ್ಮೆಗೆ ಅಷ್ಟೇನೂ ಪೆಟ್ಟಾಗಲಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲ ಕೈ ನನ್ನದು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷವೇ ನಾನು ಹತ್ತನೆಯ ತರಗತಿ ಪಾಸಾದೆ. ರಾಯಚೂರಿನಿಂದ ಬಿಡಿಸಿಕೊಂಡ ಸಂತೋಷಕ್ಕೆ ಜನ ಪೇಢೆ ಹಂಚುತ್ತಿದ್ದರೆ, ಅದೆಲ್ಲ ನನ್ನ ಸಲುವಾಗಿಯೇ ಎಂದು ಅವ್ವ ಬಹಳ ದಿನ ನಂಬಿದ್ದಳು. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ನಾನು ಓದಿದ್ದು ಹುಸಿಮದ್ದಿನ ಪರಿಣಾಮ ಮತ್ತು ವೈದ್ಯ–ರೋಗಿ ಸಂಬಂಧ. ಒಳಗೆ ಔಷಧವೇ ಇಲ್ಲದ ಗುಳಿಗೆ ನುಂಗಿ "ಈಗ ಎಷ್ಟೋ ಹಗುರಾತು" ಎನ್ನುತ್ತಾರಲ್ಲ, ಪಂಡಿತರು ಪ್ಲಸೀಬೊ ಎಂದು ಕರೆಯುವುದು ಅದನ್ನೇ. ಗುಳಿಗೆಯ ಬಣ್ಣ ಕೆಂಪಿದ್ದರೆ ಒಂದು ಫಲ, ನೀಲಿಯಿದ್ದರೆ ಒಂದು ಫಲ. ಗುಳಿಗೆಗಿಂತ ಸೂಜಿ ದೊಡ್ಡದು. ಎಲ್ಲಕ್ಕಿಂತ ದೊಡ್ಡದು ಕೊಡುವವರ ಮಾತು, ಮುಖ. ಇದನ್ನು ಓದಿ ನಾನು ರೋಮಾಂಚನಗೊಂಡು ಊರಿಗೆ ಬಂದು ಹೇಳಿದೆ. ಅವ್ವ "ಕೈಗುಣ ಅನ್ನು" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಅವ್ವನಿಗೆ ಬಿಪಿ ಇತ್ತು, ಬಿಪಿಗೆ ಒಬ್ಬ ಡಾಕ್ಟರಿದ್ದರು. ಯಲಬುರ್ಗಾ ನಮ್ಮೂರಿಗೆ ಹತ್ತಿರ. ಆದರೂ ಅವ್ವ ಬಸ್ಸು ಬದಲಿಸಿ ಕುಷ್ಟಗಿಗೇ ಹೋಗುತ್ತಿದ್ದಳು. ಎರಡೂ ಕಡೆಯ ಅಂಗಡಿಗೆ ಗುಳಿಗೆ ಬರುವುದು ಒಂದೇ ವ್ಯಾನಿನಲ್ಲಿ. ಹಾಗಿದ್ದ ಮೇಲೆ ಕುಷ್ಟಗಿಯೇ ಏಕೆ ಎಂದು ಕೇಳಿದರೆ, "ಆ ಸಾಹೇಬ್ರು ಭಾಳ ಛಲೋ ಬೈತಾರ" ಎನ್ನುತ್ತಿದ್ದಳು.

ಅದು ನಿಜವಾಗಿತ್ತು. ಕುಷ್ಟಗಿಯ ಆ ಹಿರಿಯ ಡಾಕ್ಟರು ಬೈದರೆ ರಸ್ತೆಯ ಆಚೆ ಚಹಾದಂಗಡಿಯಲ್ಲಿ ಕೂತವರೂ ಬೆನ್ನು ನೇರ ಮಾಡಿಕೊಳ್ಳುತ್ತಿದ್ದರು. "ಗುಳಿಗಿ ಬಿಟ್ಟು ಬಂದೀ ಏನು? ಸಾಯೂದಿದ್ರ ನಿನ್ನೂರಾಗ ಜಾಗ ಇರಲಿಲ್ಲೇನು? ಉಪ್ಪಿನಕಾಯಿ ಮುಟ್ಟಿದ್ರ ಇನ್ನೊಮ್ಮಿ ನನ್ನ ದವಾಖಾನಿ ಮೆಟ್ಟಲಾ ಹತ್ತಬ್ಯಾಡ!" ಒಳಗೆ ಹೀಗೆ ನಡೆದಿದ್ದರೆ ಹೊರಗೆ ಬೆಂಚಿನ ಮೇಲಿನವರು ತೃಪ್ತಿಯಿಂದ ತಲೆದೂಗುತ್ತಿದ್ದರು. ಬೈಗುಳ ಸ್ವಲ್ಪ ಕಡಿಮೆ ಬಿದ್ದವರು ಮುಖ ಸಣ್ಣ ಮಾಡಿಕೊಂಡು ಹೊರಬರುತ್ತಿದ್ದರು. "ನನಗ ಇವತ್ತ ಬರೇ 'ಹೋಗು' ಅಂದ್ರು. ಏನರ ದೊಡ್ಡ ಜಡ್ಡ ಐತೇನ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನನ್ನ ಮಾರ್ಗದರ್ಶಕಿ ಮೇಡಂ ಈ ಬೆಂಚಿನ ಮೇಲೆ ಒಮ್ಮೆಯೂ ಕೂತವರಲ್ಲ. ಪ್ರೀತಿಯ ಮಾತೇ ಅರ್ಧ ಔಷಧ ಎಂಬುದು ಅವರ ದೃಢ ನಂಬಿಕೆ. ಆದ್ದರಿಂದ ನಮ್ಮ ಸಂಶೋಧನೆ ಹೀಗೆ ಗೊತ್ತಾಯಿತು: ನಮ್ಮ ಭಾಗದ ಒಂದು ದವಾಖಾನೆಯಲ್ಲಿ ಮೊಣಕಾಲು ನೋವಿನವರಿಗೆಲ್ಲ ಒಂದೇ ಮುಲಾಮು. ಅರ್ಧ ಜನರ ಹತ್ತಿರ ಡಾಕ್ಟರು ಎಂದಿನಂತೆ ಮಾತಾಡಬೇಕು, ಉಳಿದರ್ಧ ಜನರ ಹತ್ತಿರ ಮೃದುವಾಗಿ. ಹೆಸರು ಹಿಡಿದು ಕರೆಯಬೇಕು, ಕುರ್ಚಿ ಕೊಡಬೇಕು, ಕೈ ಹಿಡಿಯಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅಲ್ಲಿದ್ದ ಡಾಕ್ಟರು ಮೈಸೂರು ಕಡೆಯ ಯುವಕ, ಹುಟ್ಟಿನಿಂದಲೇ ಮೆತ್ತಗೆ. ಮೇಡಂ ಕೊಟ್ಟ ತರಬೇತಿಯಾದ ಮೇಲೆ ಬೆಣ್ಣೆಯಾಗಿಬಿಟ್ಟರು.

ಮೃದು ಮಾತಿನ ಮೊದಲ ಪಾಲು ಬಿದ್ದದ್ದು ನಮ್ಮೂರಿನ ಫಕೀರಪ್ಪಜ್ಜನಿಗೆ. ನಾನು ಮೂಲೆಯಲ್ಲಿ ಕೂತಿದ್ದೆ. ಡಾಕ್ಟರು ಎದ್ದು ನಿಂತು ಬರಮಾಡಿಕೊಂಡರು. ಅಜ್ಜ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದ. "ನಿಮ್ಮ ನೋವು ನನಗೆ ಅರ್ಥವಾಗುತ್ತೆ ಫಕೀರಪ್ಪನವರೇ" ಎಂದು ಅವನ ಎರಡೂ ಕೈ ಹಿಡಿದುಕೊಂಡರು. ಅಜ್ಜನ ಮುಖದ ಬಣ್ಣ ಇಳಿಯತೊಡಗಿತು. ಮುಲಾಮು ಕೊಟ್ಟಾದ ಮೇಲೆ ಅಜ್ಜ ಎಲ್ಲರೂ ಕೇಳುವ ಪ್ರಶ್ನೆ ಕೇಳಿದ: "ಪಥ್ಯ ಏನ್ರಿ ಸಾಹೇಬ್ರ?"

"ಪಥ್ಯ ಏನೂ ಇಲ್ಲ. ಮನಸ್ಸಿಗೆ ಬಂದದ್ದು ತಿನ್ನಿ, ಸಂತೋಷವಾಗಿರಿ" ಎಂದು ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೆ ಕಳಿಸಿಕೊಟ್ಟರು.

ಈ ಮಾತಿನ ಅರ್ಥ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಕೈಮೀರಿದ ರೋಗಿಯ ಮನೆಯವರನ್ನು ಡಾಕ್ಟರು ಪಕ್ಕಕ್ಕೆ ಕರೆದು, ಧ್ವನಿ ತಗ್ಗಿಸಿ, "ಮನಿಗೆ ಕರ್ಕೊಂಡು ಹೋಗ್ರಿ, ಏನ್ ಕೇಳ್ತಾರ ಅದನ್ನ ಉಣಸ್ರಿ" ಎನ್ನುತ್ತಾರೆ. ಪಥ್ಯ ಇದ್ದವನಿಗೆ ನಾಳೆ ಇದೆ; ಪಥ್ಯ ಇಲ್ಲದವನಿಗೆ ಹೋಳಿಗೆ ಇದೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಆ ಕ್ಷಣಕ್ಕೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಷ್ಟು ಓದಿದ್ದೆ.

ಮರುದಿನ ನೋವು ಎಷ್ಟು ಇಳಿದಿದೆ ಎಂದು ಕೇಳಲು ಅಜ್ಜನ ಮನೆಗೆ ಹೋದೆ. ಅಂಗಳದಲ್ಲಿ ಕನಕಗಿರಿಯಿಂದ ಬಂದ ಜೀಪು ನಿಂತಿತ್ತು. ಇಬ್ಬರು ಹೆಣ್ಣುಮಕ್ಕಳು ಗೋಡೆಗೆ ಒರಗಿ ಅಳುತ್ತಿದ್ದರು. ಅಜ್ಜ ಹೊರಸಿನ ಮೇಲೆ ಕೂತು ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದ.

"ಅಜ್ಜಾ, ಮೊಣಕಾಲ ನೋವು ಹೆಂಗೈತಿ?" ಎಂದೆ.

"ಹೋಗೂ ಹೊತ್ತಿನ್ಯಾಗ ಮೊಣಕಾಲ ಯಾರ್ ಕೇಳ್ತಾರ ತಂಗಿ? ನೋವು ಏನೂ ಇಲ್ಲ ಅಂತ ಬರ್ಕೋ. ನೀನೂ ಒಂದ್ ಹೋಳಿಗಿ ತಿನ್ನು."

ದೊಡ್ಡ ಮಗಳು ಅಳು ನಿಲ್ಲಿಸಿ, "ಯಪ್ಪಾ, ಬಿಳೇ ಎತ್ತು ನನ್ನ ಗಂಡಗ ಅಂದೀಯಲ್ಲ, ತಂಗಿ ಮುಂದ ಇನ್ನೊಮ್ಮಿ ಅನ್ನು" ಎಂದಳು. ಅಂದ ಮೇಲೆ ಮತ್ತೆ ಅಳು ಮುಂದುವರಿಸಿದಳು.

ನೋವು ಏನೂ ಇಲ್ಲ ಎಂದು ಬರೆದುಕೊಂಡೆ. ಬೇರೆ ಏನು ಬರೆಯಲಿ? ಮೃದು ಮಾತು ಕೇಳಿದ ಬಹುಪಾಲು ಜನರ ಕಥೆ ಇದೇ ಆಯಿತು. ಎಲ್ಲರ ಮೊಣಕಾಲೂ ಗುಣವಾದವು. ಮೇಡಂ ಫೋನಿನಲ್ಲಿ ಗದ್ಗದಿತರಾಗಿ "ನೋಡಿದೆಯಾ, ಪ್ರೀತಿಯ ಶಕ್ತಿ!" ಎಂದರು. ಅಜ್ಜ ಸಾಯಲಿಲ್ಲ. ಹಿಟ್ಟು ಬೆಲ್ಲ ಮುಗಿದ ಮೇಲೆ ನಾಚಿಕೊಂಡು ಹೊರಸಿನಿಂದ ಎದ್ದ. ಏಳುವಾಗ ಮೊಣಕಾಲು ಹಿಡಿಯಿತು. ಎತ್ತು ಸಿಗದ ಅಳಿಯ ಮಾತ್ರ ದವಾಖಾನೆಯ ಮೇಲಿನ ಸಿಟ್ಟನ್ನು ಬಹಳ ದಿನ ಬಿಡಲಿಲ್ಲ.

ಇದನ್ನೆಲ್ಲ ನಾನು ಪ್ರಬಂಧದಲ್ಲಿ ಹೋಳಿಗೆಯ ಸಮೇತ ಬರೆದೆ. ಮೇಡಂ ಅದನ್ನು 'ಸ್ಥಳೀಯ ಅಂಶಗಳು' ಎಂಬ ತಲೆಬರಹದ ಕೆಳಗೆ ಹಿಂದಿನ ಪುಟಗಳಿಗೆ ಸರಿಸಿದರು.

ಆಮೇಲೆ ಒಂದು ದಿನ ಪ್ಲಸೀಬೊ ಎಂಬ ಪದದ ಬೇರು ಹುಡುಕುತ್ತ ಕೂತಾಗ ನನಗೆ ನಗು ತಡೆಯಲಾಗಲಿಲ್ಲ. ಅದು ಲ್ಯಾಟಿನ್ ಪದ, 'ಮೆಚ್ಚಿಸುವೆನು' ಎಂದು ಅರ್ಥ. ಹಳೆಯ ಕಾಲದ ಯುರೋಪಿನಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆಯಲ್ಲಿ ಅದು ಬರುತ್ತಿತ್ತಂತೆ. ಸತ್ತವನಿಗೆ ಸಂಬಂಧವೇ ಇಲ್ಲದವರು ಊಟದ ಆಸೆಗೆ ಬಂದು ಸೇರಿ ಅದನ್ನು ಹಾಡುತ್ತಿದ್ದರಂತೆ. ಸಿಹಿ ಮಾತು, ಸಾವು, ಊಟ ಮೂರೂ ಆ ಒಂದು ಪದದಲ್ಲಿ ಆಗಲೇ ಕೂತಿದ್ದವು. ಫಕೀರಪ್ಪಜ್ಜ ಲ್ಯಾಟಿನ್ ಓದದೆಯೇ ಸರಿಯಾಗಿ ನಡೆದುಕೊಂಡಿದ್ದ.

ಇಷ್ಟಾದ ಮೇಲೂ, ಡಿಗ್ರಿ ಬಂದ ಹೊಸತರಲ್ಲಿ, ನಾನು ಅವ್ವನನ್ನು ಅದೇ ಮೆತ್ತನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಓದಿದವಳಿಗೆ ತನ್ನ ಅವ್ವ 'ಸ್ಥಳೀಯ ಅಂಶ' ಎಂದು ಅನ್ನಿಸುವುದಿಲ್ಲ ನೋಡಿ. ಕಾರಣವೂ ಇತ್ತು. ಕುಷ್ಟಗಿಯ ಡಾಕ್ಟರಿಗೆ ಬೈದು ಬೈದು ಗಂಟಲು ಕೆಟ್ಟಿತ್ತು. ಹುಬ್ಬಳ್ಳಿಯ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಅವರಿಗೂ ಒಂದು ಪಥ್ಯ ಹೇಳಿದ್ದರು: ಬಾಯಿಬಿಟ್ಟು ಒಂದು ಮಾತೂ ಆಡಬಾರದು.

ಮೆತ್ತನೆಯ ಡಾಕ್ಟರು ಅವ್ವನ ಬಿಪಿ ನೋಡಿದರು. ಗುಳಿಗೆ ತಪ್ಪಿಸಬೇಡಿ ಎಂದು ಹೇಳಿಯೇ ಹೇಳಿದರು. ಆದರೆ ಅದನ್ನು ಅವ್ವನ ಕೈ ಸವರುತ್ತ ಹೇಳಿದರು. ಮೇಲೆ, "ಕಷ್ಟಪಟ್ಟು ಮಗಳನ್ನ ಓದಿಸಿದ್ದೀರಿ ಅಮ್ಮಾ, ಇನ್ನು ನೆಮ್ಮದಿಯಾಗಿರಿ" ಎಂದರು. ಹೊರಗೆ ಬಂದ ಅವ್ವ ಬಸ್ಸಿನಲ್ಲಿ ತಾನಾಗಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮುಂದಿನ ವಾರ ಊರಿಗೆ ಹೋದರೆ ಮನೆಯ ಹಿತ್ತಾಳೆ ಕೊಡ ಶಾಂತವ್ವನ ಕಟ್ಟೆಯ ಮೇಲಿತ್ತು. ಗುಳಿಗೆಯ ಹಾಳೆ ಹೋದ ವಾರ ಇದ್ದಂತೆಯೇ ಇತ್ತು. ಅವ್ವ ಅಂಗೈಯಲ್ಲಿ ಉಪ್ಪಿನಕಾಯಿ ಹಾಕಿಕೊಂಡು ನೆಕ್ಕುತ್ತಿದ್ದಳು.

"ಹೋಗೂಕಿಗೆ ಗುಳಿಗಿ ಯಾಕ ಮಗಳ? ಉಳಿಯೋರು ಯಾರರ ತಿನ್ಲಿ" ಎಂದಳು, ಬಹಳ ಶಾಂತವಾಗಿ.

ನನ್ನ ನಗು ಅಲ್ಲಿಗೆ ನಿಂತಿತು. ಅವ್ವನ ಅಣ್ಣ, ನನ್ನ ಸೋದರಮಾವ, ಇದೇ ಬಿಪಿ ಗುಳಿಗೆ ಬಿಟ್ಟು ಲಕ್ವ ಹೊಡೆದು ಮಲಗಿದವನು. ಮಲಗಿದವನು ಏಳಲಿಲ್ಲ. ನಾನು ಅವ್ವನಿಗೆ ಮೆದುಳು, ರಕ್ತನಾಳ, ಭಯ, ಭ್ರಮೆ ಎಲ್ಲವನ್ನೂ ವಿವರಿಸಿದೆ. "ಛಲೋ ಹೇಳ್ತೀ" ಎಂದು ನನ್ನ ತಲೆ ಸವರಿದಳು. ಈಗ ಅವಳೂ ಮೆತ್ತಗಾಗಿದ್ದಳು. ಮರುದಿನ ಬೆಳಿಗ್ಗೆಯೇ ಕುಷ್ಟಗಿಗೆ ಕರೆದೊಯ್ದೆ.

ಹಿರಿಯ ಡಾಕ್ಟರು ಅವ್ವನ ಬಿಪಿ ನೋಡಿದರು. ಮುಖ ಕೆಂಪಾಯಿತು, ಕೈ ಮೇಲೆದ್ದಿತು, ಬಾಯಿ ತೆರೆಯಿತು, ಪಥ್ಯ ನೆನಪಾಗಿ ಮುಚ್ಚಿತು. ಅವ್ವ ಆಸೆಯಿಂದ ಕಾಯುತ್ತಿದ್ದಳು. ಅವರು ಚೀಟಿ ಎಳೆದುಕೊಂಡು ಸರಸರ ಬರೆದು ಕಂಪೌಂಡರನ ಕೈಗೆ ಕೊಟ್ಟರು. ಅವನು ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ಧ್ವನಿಯಲ್ಲಿ ಓದಿದ: "ನಾಚಿಕಿ ಆಗೂದಿಲ್ಲೇನು ನಿನಗ ಮುದುಕಿ. ಸಾಯಾಕ ಭಾಳ ಅವಸರ ಐತೇನು. ಗುಳಿಗಿ ಬಿಟ್ರ ಒದ್ದು ಹೊರಗ ಹಾಕ್ತೀನಿ. ಸಹಿ ಐತಿ."

ಅವ್ವ ಕೈಮುಗಿದಳು. "ಛಲೋ ಓದಿದಿ ತಮ್ಮಾ. ಆದ್ರ ಮೈಯಾಗ ಇಳೀಲಿಲ್ಲ ನೋಡು."

ಡಾಕ್ಟರು ನನ್ನ ಕಡೆ ಕಣ್ಣು ಕೆರಳಿಸಿ ಇನ್ನೊಂದು ಚೀಟಿ ಬರೆದರು: 'ನೀನೂ ಡಾಕ್ಟರ್ ಅಲ್ಲವೇನು? ಬೈ.'

ಬೈಯುವುದೇನು ಸುಲಭವೇ? ನಮ್ಮ ಮನೆಯಲ್ಲಿ ಬೈಗುಳ ಯಾವಾಗಲೂ ಅವ್ವನ ಕಡೆಯಿಂದ ನನ್ನ ಕಡೆಗೆ ಹರಿದು ಬಂದದ್ದು. ಆ ಸಂಜೆ ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ರಕ್ತದೊತ್ತಡವನ್ನು ಈ ರೀತಿ ನಿರ್ಲಕ್ಷಿಸುವುದು ಅತ್ಯಂತ ಖಂಡನೀಯ." ಅವ್ವ ಸುತ್ತ ನೋಡಿ, "ರೇಡಿಯೋ ಹಚ್ಚೀ ಏನ?" ಎಂದಳು. ಕೇಳುತ್ತಲೇ ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿದಳು.

ಆಗ ನನ್ನೊಳಗೆ ಏನೋ ಕಿತ್ತುಕೊಂಡು ಬಂತು.

"ಇಡ ಬೇ ಯವ್ವಾ ಕೆಳಗ ಆ ಭರಣೀನ! ಮಾವ ಮಲಗಿದ್ದು ಮರತೀ ಏನ? ಆತನ ಬಾಯಿಗಿ ಗಂಜಿ ಹಾಕಿದಾಕಿ ನೀನ ಅಲ್ಲೇನು? ನಾಳಿ ನಿನ್ನ ಬಾಯಿಗಿ ನಾ ಹಾಕ್ಲೇನು? ಬಿಸಲಾಗ ಹೊಲದ ಕಳೇವು ತಗದು ನನ್ನ ಸಾಲಿಗೆ ಕಳಸಿದಾಕಿ, ಮಗಳು ಡಾಕ್ಟರ್ ಆಗ್ಯಾಳ ಅಂತ ಊರ ತುಂಬ ಹೇಳ್ಕೋತ ತಿರಗಾಕ ನೀ ಇರೂದು ಬ್ಯಾಡೇನು? ನೀ ಇಲ್ಲಂದ್ರ ಆ ಡಿಗ್ರಿ ತಗೊಂಡು ಒಲಿಗೆ ಹಾಕ್ಲೇನು? ಸಾಯಾಕ ಹೊಂಟಾಳಂತ, ಕೊಡಾ ಬ್ಯಾರೆ ಹಂಚ್ಯಾಳ! ನುಂಗು ಮೊದಲ ಗುಳಿಗಿ!"

ಅವ್ವ ನುಂಗಿದಳು. ನೀರು ಕುಡಿಯುವುದನ್ನೂ ಮರೆತು ನುಂಗಿದಳು. ಅಳುತ್ತಿದ್ದವಳು ನಾನು. ಅವಳ ಮುಖದ ಮೇಲೆ ಎಷ್ಟೋ ದಿನದ ಮೇಲೆ ಬಣ್ಣ ಬಂದಿತ್ತು. ಮೆಲ್ಲಗೆ ಕೇಳಿದಳು:

"ಪಥ್ಯ ಏನ್ರಿ?"

ನನ್ನ ಅವ್ವ ನನಗೆ 'ರಿ' ಹಚ್ಚಿದ್ದು ಅದೇ ಮೊದಲು.

"ಉಪ್ಪಿನಕಾಯಿ ಮುಟ್ಟಬಾರದು. ಹಪ್ಪಳ, ಸಂಡಿಗಿ ಹತ್ರಾನೂ ಹೋಗಬಾರದು."

ಅವ್ವ ಎದ್ದು ಸೀದಾ ಎದುರುಮನೆಗೆ ಹೋದಳು. "ಶಾಂತವ್ವ, ನಮ್ಮ ಕೊಡಾ ತಾ ಬೇ. ಡಾಕ್ಟರ್ ನನಗ ಪಥ್ಯ ಹೇಳ್ಯಾರ" ಎನ್ನುವುದು ಓಣಿಗೆಲ್ಲ ಕೇಳಿಸಿತು. ವಿಶ್ವವಿದ್ಯಾಲಯದವರು ಕರಿ ಗೌನು ಹೊದಿಸಿ ಕೊಟ್ಟ ಪದವಿ ಸರಿಯಾಗಿ ಕೈಗೆ ಬಂದದ್ದು ಅವತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಈಗ ನಾನು ಕೊಪ್ಪಳದಲ್ಲಿ ಪಾಠ ಮಾಡುತ್ತೇನೆ. ವಾರಕ್ಕೊಮ್ಮೆ ಊರಿಗೆ ಹೋಗಿ ಬೈದು ಬರುತ್ತೇನೆ. ಮೊನ್ನೆ ಎದೆಯಲ್ಲಿ ಏನೋ ಚುಚ್ಚಿದಂತಾಗಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಆಕೆ ಎಲ್ಲ ನೋಡಿ, ಮುಗುಳ್ನಕ್ಕು, ನನ್ನ ಕೈ ಮೇಲೆ ಕೈಯಿಟ್ಟು, "ಬರೀ ಗ್ಯಾಸ್ ಮೇಡಂ. ಏನು ಬೇಕಾದರೂ ತಿನ್ನಿ, ಆರಾಮಾಗಿರಿ" ಎಂದರು. ನಾನು ಈ ವಿಷಯದಲ್ಲೇ ಡಾಕ್ಟರೇಟ್ ಪಡೆದವಳು. ಆದರೂ ಮೆಟ್ಟಿಲು ಇಳಿದವಳೇ ಬೀದಿಯಲ್ಲೇ ನಿಂತು ಅವ್ವನಿಗೆ ಫೋನು ಮಾಡಿದೆ.

"ಹೊತ್ತಿಗಿ ಸರಿಯಾಗಿ ಉಣ್ಣೂದಿಲ್ಲ, ಬರೇ ಚಾ ಕುಡ್ಕೋತ ಕುಂದರತಿ, ಗ್ಯಾಸ್ ಆಗದ ಇನ್ನೇನಾಗತೈತಿ? ಬುದ್ಧಿ ಎಲ್ಲಾ ಪುಸ್ತಕದಾಗ ಇಟ್ಟು ಬಂದೀ ಏನ? ಬದನಿಕಾಯಿ ಮುಟ್ಟಿದ್ರ ನೋಡು ಮತ್ತ!"

ಬದನೆಕಾಯಿಗೂ ಎದೆಗೂ ಏನು ಸಂಬಂಧವೆಂದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವತ್ತೇ ಗೆಳತಿಯ ಮನೆಯಲ್ಲಿ ಊಟ, ಬಿಸಿ ರೊಟ್ಟಿಗೆ ಎಣ್ಣೆಗಾಯಿ. ಬಡಿಸಲು ಬಂದ ಆಕೆಯ ಅತ್ತೆಗೆ ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

"ಬ್ಯಾಡ್ರಿ, ನನಗ ಪಥ್ಯ ಐತಿ" ಎಂದೆ, ಸ್ವಲ್ಪ ಜಂಬದಿಂದಲೇ.