ಸೈದಾಬಿ ಕೊಟ್ಟ ಸಾಕ್ಷಿ

ಬ್ಯಾಡಗಿಯ ಜಯವ್ವ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲಿನವಳು ಬಂದರೆ ತಂಬಿಗೆಯಲ್ಲಿ ಬೆರಳದ್ದಿ ನೋಡುವಳು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಅಲ್ಲೇ ಒಂದನ್ನು ಮುರಿದು ನೋಡುವಳು. ಇನ್ನೂ ಮಜಾ ಏನೆಂದರೆ, ರವಿವಾರದ ಪ್ರಾರ್ಥನೆಯಲ್ಲಿ ಸಭೆಯವರೆಲ್ಲ ಕಣ್ಣು ಮುಚ್ಚಿದಾಗ ಇವಳು ಮಾತ್ರ ಒಂದು ಕಣ್ಣು ತೆರೆದು, ಯಾರು ಮುಚ್ಚಿದ್ದಾರೆ, ಯಾರು ಇಲ್ಲ ಅಂತ ನೋಡಿಕೊಳ್ಳುವಳು. ಎದುರಿಗೆ ಇನ್ನೊಂದು ತೆರೆದ ಕಣ್ಣು ಸಿಕ್ಕರೆ ಅದು ಸೀಲಾಸಪ್ಪ ಅಯ್ಯನವರದೇ ಆಗಿರುತ್ತಿತ್ತು!

ಸೀಲಾಸಪ್ಪನವರು ರಾಣೆಬೆನ್ನೂರಿನ ಪಾದ್ರಿ. ಐವತ್ತು ದಾಟಿದ ವಿಧುರ, ಬಿಸಿಲಿದ್ದರೂ ಇಲ್ಲದಿದ್ದರೂ ಕೊಡೆ ಹಿಡಿದವರು. ತಿಂಗಳಿಗೊಮ್ಮೆ ಬ್ಯಾಡಗಿಯ ಸಣ್ಣ ಸಭೆಗೆ ಬಂದು ಹೋಗುವರು. ಅವರೂ ನಂಬುಗೆಯ ವಿಷಯದಲ್ಲಿ ಬಲು ಬಿಗಿ. ಹೊಸಬನೊಬ್ಬ ಪ್ರಾರ್ಥನೆಗೆ ಬಂದು ಕೂತರೆ ಮೊದಲು ಅವನ ಹೊಟ್ಟೆ ನೋಡುವರು, ಆಮೇಲೆ ಮುಖ. ಊಟಕ್ಕೆ ಬಂದವನೋ ದೇವರಿಗೆ ಬಂದವನೋ ಅಂತ.

ಜಯವ್ವನ ಗಂಡ ಬದುಕಿದ್ದಾಗ ಮಿಶನ್ನಿನ ಸಣ್ಣ ಸಣ್ಣ ಸುವಾರ್ತೆ ಪುಸ್ತಕಗಳನ್ನು ಹೊತ್ತು ಹಾವೇರಿ, ಕರ್ಜಗಿ, ಗಳಗನಾಥದ ಸಂತೆಗಳಲ್ಲಿ ಮಾರುತ್ತಿದ್ದ. ಅವಳಿಗೆ ಓದು ಕಲಿಸಿದವನೂ ಅವನೇ. ಜ್ವರದಲ್ಲಿ ಅವನು ಹೋದ ಮೇಲೆ ಆ ಕೆಲಸ ಬೇರೆ ಗಂಡಸಿನ ಪಾಲಾಯಿತು. ಜಯವ್ವ ಅಡತಿ ಅಂಗಡಿಯ ಹಿತ್ತಲಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದಳು. ಓದು ಮಾತ್ರ ಬಿಡಲಿಲ್ಲ. ಮಿಶನ್ನಿನವರು ಉಪದೇಶಿಗಳಿಗಾಗಿ ಒಂದು ಪುಸ್ತಕದ ಪೆಟ್ಟಿಗೆ ಮಾಡಿದ್ದರು. ಅದು ರೈಲಿನಲ್ಲಿ ರಾಣೆಬೆನ್ನೂರಿಂದ ಬ್ಯಾಡಗಿಗೆ, ಬ್ಯಾಡಗಿಯಿಂದ ಹಾವೇರಿಗೆ ಸುತ್ತುತ್ತಿತ್ತು. ವೇದಪಾಠ ಹೇಳುವವರು ಓದಿ ತಯಾರಾಗಲಿ ಅಂತ. ಬ್ಯಾಡಗಿಗೆ ಬಂದಾಗ ಸಭಾಮಂದಿರ ಗುಡಿಸುವ ನೆವದಲ್ಲಿ ಜಯವ್ವ ಅದನ್ನು ತೆರೆದು ಓದುವಳು. ಪಾಪ, ಅವಳ ಕೈ ಎಷ್ಟು ತೊಳೆದರೂ ಮೆಣಸಿನಕಾಯಿಯ ಕೈ! ರಾಣೆಬೆನ್ನೂರಿಗೆ ಪೆಟ್ಟಿಗೆ ಮರಳಿದಾಗ ಸೀಲಾಸಪ್ಪನವರು ಪುಟ ತಿರುವಿದರೆ ಸೀನು, ಕಣ್ಣೊರೆಸಿಕೊಂಡರೆ ಉರಿ. ಉಪದೇಶಿಗಳ ಪುಸ್ತಕಗಳನ್ನು ಬ್ಯಾಡಗಿಯಲ್ಲಿ ಯಾರೋ ಕದ್ದು ಓದುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾದದ್ದು ಹೀಗೆ.

1937ರ ಸುಗ್ಗಿಯ ಹೊತ್ತಿಗೆ ಸೀಲಾಸಪ್ಪನವರು ಒಂದು ಸುದ್ದಿ ತಂದರು. ಹುಬ್ಬಳ್ಳಿಯಾಚೆ ಹೆಂಗಸರಿಗಾಗಿ ಸುವಾರ್ತಾ ಸೇವಕಿಯರ ಶಾಲೆ ತೆರೆದಿದೆ, ಎರಡು ವರ್ಷದ ಕಲಿಕೆ, ಊಟ-ವಸತಿ ಅವರದೇ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಊರು ಸೇರಿ ಒಬ್ಬಳಿಗೆ ಜಾಗ ಇದೆ. ಕಲಿತು ಬಂದವಳು ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಬೇಕು, ದೇವರ ಮಾತು ಹೇಳಬೇಕು.

ಜಯವ್ವನಿಗೆ ಈ ಶಾಲೆ ಬೇಕೇಬೇಕಾಗಿತ್ತು. ಕಾರಣ ಪಕ್ಕದ ಮನೆಯಲ್ಲೇ ಇತ್ತು. ಹಿಂದಿನ ವರ್ಷ ಪಕ್ಕದ ಮನೆಯ ಸೈದಾಬಿಯ ಮಗಳು ಮೈಮುನಾಬಿ ಹೆರಿಗೆಗೆ ಬಂದಿದ್ದಳು. ಕೂಸು ಹುಟ್ಟಿ ಎರಡೇ ದಿನಕ್ಕೆ ಹೋಯಿತು. ಮೈಮುನಾಬಿ ಗೋಡೆಗೊರಗಿ ಜಯವ್ವನನ್ನು ಕೇಳಿದ್ದಳು: “ಜಯಕ್ಕಾ, ನೀ ಅಷ್ಟು ಓದ್ತೀಯಲ್ಲ, ನನ್ನ ಕೂಸು ಈಗ ಎಲ್ಲೈತಿ?” ಜಯವ್ವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅಂದಿನಿಂದ ಆ ಪ್ರಶ್ನೆ ಅವಳ ಬೆನ್ನು ಬಿಟ್ಟಿರಲಿಲ್ಲ.

“ನಾ ಹೋಗ್ತೇನ್ರಿ ಅಯ್ನೋರ,” ಅಂದಳು.

ಸೀಲಾಸಪ್ಪನವರು ಕೊಡೆಯೂರಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ಹೊಟ್ಟಿಗೆ ಸಿಗತೈತಿ ಅಂತ ಭಾಳ ಮಂದಿ ಹೋಗ್ತೇನಿ ಅಂತಾರ.”

“ಹೊಟ್ಟಿಗೆ ಮೆಣಸಿನಕಾಯಿ ಐತ್ರಿ ನನಗ.”

“ಸಭೆಯವರು ಹೊಗಳಿದ್ರ ಸಾಲೂದಿಲ್ಲವಾ. ಹೊರಗಿನವ್ರು ನಿನ್ನ ಬಗ್ಗೆ ಒಳ್ಳೇ ಮಾತು ಹೇಳಬೇಕು. ಅದು ಶಾಸ್ತ್ರದ ಕಟ್ಟಳೆ. ಯಾರನ್ನ ಕೇಳ್ತೇನಿ, ಯಾವಾಗ ಕೇಳ್ತೇನಿ, ಹೇಳೂದಿಲ್ಲ. ಯಾಕ ಕೇಳ್ತೇನಿ ಅಂತ ಅವ್ರಿಗೂ ಹೇಳೂದಿಲ್ಲ. ಹೇಳಿದ್ರ ಮಾತು ಬಣ್ಣ ಹಚ್ಕೊಂಡು ಬರತಾವ.”

ಅಂದಿನಿಂದ ಜಯವ್ವನಿಗೆ ಊರೆಲ್ಲ ಅನುಮಾನ. ಶಾಲೆಯ ಸುದ್ದಿಯನ್ನು ಯಾರಿಗೂ ಬಾಯಿಬಿಡಲಿಲ್ಲ. ಕಣ್ಣುಬಿದ್ದರೆ ಕೆಟ್ಟೀತು, ಯಾರಾದರೂ ಅಡ್ಡಗಾಲು ಹಾಕಿಯಾರು ಅಂತ. ಅದೇ ಅವಳು ಮಾಡಿದ ತಪ್ಪು ನೋಡಿ! ಆದರೆ ಅವಳಿಗದು ಆಗ ಹೊಳೆಯಲಿಲ್ಲ.

ಒಂದು ದಿನ ತೊಟ್ಟು ಮುರಿಯುತ್ತ ಕೂತಾಗ ಪಕ್ಕದ ಹೊಳಿಯವ್ವ ಮೊಣಕೈಯಿಂದ ತಿವಿದಳು. “ಏನಬೇ, ನಿಮ್ಮ ಪಾದ್ರಿ ಅಲ್ಲಾವುದ್ದೀನನ ಕಟ್ಟೀಮ್ಯಾಲ ಕುಂತು ಬಿಟ್ಟಾನಲ್ಲ? ಬರಬೇಕಾದ್ರ ನೋಡಿದೆ. ಸೈದಾಬಿ ಕೈಬೀಸಿ ಬೀಸಿ ಏನೋ ಹೇಳಾಕತ್ತಿದ್ಲು.”

ಜಯವ್ವನ ಕೈಯಲ್ಲಿದ್ದ ಮೆಣಸಿನಕಾಯಿ ತೊಟ್ಟಿನ ಜತೆಗೇ ಎರಡಾಯಿತು. ಇಡೀ ಊರಲ್ಲಿ ಸೀಲಾಸಪ್ಪನವರಿಗೆ ಸಿಕ್ಕ ಹೊರಗಿನವಳು ಸೈದಾಬಿಯೇ! ಸೈದಾಬಿಯ ಗಂಡ ಅಲ್ಲಾವುದ್ದೀನ ಪಾತ್ರೆಗೆ ಕಲಾಯಿ ಹಾಕುವವ, ಅವಳು ತಿದಿ ಒತ್ತುವವಳು. ಅವರ ಕಲಾಯಿಯ ಹೊಗೆಗೆ ಜಯವ್ವ ಕೆಮ್ಮುವಳು, ಜಯವ್ವ ಮನೆಗೆ ತಂದು ಒಣಹಾಕಿದ ಮೆಣಸಿನಕಾಯಿಗೆ ಸೈದಾಬಿ ಸೀನುವಳು. ನಡುವಿನ ಗೋಡೆಯ ಮೇಲೆ ದಿನಾ ಒಂದು ಜಗಳ. ವಾರದ ಹಿಂದೆಯಷ್ಟೇ “ನಿನ್ನ ಹೊಗಿ ನಿನ್ನ ಮನ್ಯಾಗ ಕಟ್ಕೊ” ಅಂತ ಜಯವ್ವ ಅರ್ಧ ಓಣಿ ಕೇಳುವಂತೆ ಕೂಗಿದ್ದಳು. ಈಗ ಸೇಡು ತೀರಿಸಿಕೊಂಡಾಳು ಅನ್ನುವುದರಲ್ಲಿ ಅನುಮಾನವೇನು?

ಅವಸರದಲ್ಲಿ ಮನೆಗೆ ಬಂದರೆ ಸೀಲಾಸಪ್ಪನವರು ಆಗಲೇ ಹೊರಟುಹೋಗಿದ್ದರು. ಸೈದಾಬಿ ಬಾಗಿಲಲ್ಲಿ ನಿಂತು ಜಯವ್ವನನ್ನು ಮೇಲೆ-ಕೆಳಗೆ ನೋಡಿದಳು. ಆಮೇಲೆ ಒಳಗೆ ಹೋದಳು.

ಜಯವ್ವ ಉಪಾಯ ಮಾಡಿದಳು. ಗೋದಿ ಕುಟ್ಟಿ, ಬೆಲ್ಲ ಹಾಕಿ, ಘಮಘಮ ಹುಗ್ಗಿ ಮಾಡಿ ಬಟ್ಟಲು ತುಂಬ ಒಯ್ದಳು.

ಸೈದಾಬಿ ಬಟ್ಟಲು ಮುಟ್ಟಲಿಲ್ಲ. “ಇದು ಯಾತಕ್ಕ?”

“ಹಿಂಗ, ಸುಮ್ಮನ.”

“ಹತ್ತು ವರ್ಷದಾಗ ನೀ ಸುಮ್ಮನ ಏನು ಕೊಟ್ಟೀ ನನಗ? ಬೈಗಳ ಬಿಟ್ರ? ಮನ್ಯಾಗ ಏನಾರ ಸಿಹಿ ಸುದ್ದಿ ಐತೇನು?”

ಜಯವ್ವ ಮುಖ ತಿರುಗಿಸಿದಳು. “ಏನಿಲ್ಲವ್ವಾ.” ಸುಳ್ಳು ಹೇಳಿದ್ದಕ್ಕೆ ಕಿವಿ ಕೆಂಪಾಯಿತು. ಆ ಕೆಂಪು ಕಿವಿಯನ್ನು ಸೈದಾಬಿ ಸರಿಯಾಗಿ ನೋಡಿಕೊಂಡಳು. ಮರುವಾರ ಸೀಲಾಸಪ್ಪನವರು ಮತ್ತೆ ಅದೇ ಕಟ್ಟೆಯ ಮೇಲೆ ಕೂತರು, ಮತ್ತೆ ಅದೇ ಕೈಬೀಸಾಟ, ಈ ಸಲ ಇನ್ನೂ ಜೋರು.

ಆಮೇಲೆ ಜಯವ್ವನಿಗೆ ರಾಣೆಬೆನ್ನೂರಿಂದ ಕರೆ ಬಂತು. ಹೋದಳು. ಸೀಲಾಸಪ್ಪನವರು ಕುಂದ್ರು ಅಂತಲೂ ಅನ್ನಲಿಲ್ಲ.

“ಜಯವ್ವ, ಆಗೂದಿಲ್ಲ. ನೀ ಹೊತ್ತೇರಿದ ಮ್ಯಾಲ ಏಳ್ತೀಯಂತ. ಅನ್ನಕ್ಕ ಎರಡು ಸಲ ಉಪ್ಪು ಹಾಕ್ತೀಯಂತ. ಆಗಾಗ ಮೂರ್ಛೆ ಬರತೈತಂತ. ಗಂಡಗ ಒನಕಿ ತಗೊಂಡು ಹೊಡೀತಿದ್ದೆಂತ. ಪಾಪ, ದೇವರ ಮನಿಶ್ಯಾ!”

ಗಂಡನ ನೆನಪಿಗೆ ಒನಕೆ ಕಟ್ಟಿದ್ದು ಜಯವ್ವನಿಗೆ ಎಲ್ಲಕ್ಕಿಂತ ಚುಚ್ಚಿತು. ರೈಲು ಇಳಿದವಳೇ ಮನೆಗೂ ಹೋಗದೆ ಸೀದಾ ಕಲಾಯಿಯ ಕುಲುಮೆಗೆ ನುಗ್ಗಿದಳು.

“ನಾ ನನ್ನ ಗಂಡಗ ಹೊಡದ್ನೇನಬೇ, ಸೈದಾಬಿ? ಒನಕಿ ತಗೊಂಡು?”

ಸೈದಾಬಿ ತಿದಿ ಬಿಟ್ಟು ಎದ್ದಳು. ನಾಚಿಕೆಯ ಗುರುತೇ ಇಲ್ಲ. “ಹಂಗ ಹೇಳೇನಿ. ಆ ಮುದುಕ ಓಡಿಹೋದ್ನಿಲ್ಲೋ?”

“ಯಾವ ಮುದುಕ?”

“ನಿಮ್ಮ ಪಾದ್ರಿ! ಬಂದು ಕುಂತು ಕೇಳ್ತಾನ: ನಡತಿ ಹೆಂಗ, ಲಗೂ ಏಳ್ತಾಳೇನು, ಅಡಗಿ ಬರತೈತೇನು, ಮೈಯಾಗ ಬ್ಯಾನಿ ಐತೇನು ಅಂತ. ಯಾಕ್ರೀ ಅಂದ್ರ ಕಾರಣ ಹೇಳೂದಿಲ್ಲ ಅಂತಾನ! ಒಂದು ಹೆಣ್ಣಿನ ಬಗ್ಗೆ ಮಗ್ಗಲು ಮನ್ಯಾಗ ಹಿಂಗ ಕೇಳಾಕ ಬರೂದು ಯಾತಕ್ಕ ಹೇಳು? ಹೆಣ್ಣು ಗೊತ್ತ ಮಾಡಾಕ! ಹೇಣ್ತಿ ಸತ್ತ ಮುದುಕ, ನೀ ಇನ್ನೂ ಸಣ್ಣಾಕಿ, ನಿಮ್ಮ ಮಂದ್ಯಾಗ ಮರುಮದುವಿನೂ ಆಕ್ಕೈತಿ. ಮ್ಯಾಲ ನೀ ಹುಗ್ಗಿ ಬ್ಯಾರೆ ತಂದಿ, ಕಿವಿ ಕೆಂಪ ಮಾಡ್ಕೊಂಡು! ಈ ಹುಚ್ಚಿ ಒಪ್ಕೊಂಡಾಳ ಅಂತ ತಿಳದು ಒನಕಿ ಸೇರಿಸಿದೆ.”

ಹಿಂದಿನಿಂದ ಅಲ್ಲಾವುದ್ದೀನ ಇಕ್ಕಳ ಹಿಡಿದುಕೊಂಡೇ ಹೇಳಿದ: “ಮೂರ್ಛಿ ನಾ ಹೇಳಿದ್ದು.”

ಜಯವ್ವ ಅಲ್ಲೇ ಬೂದಿಯ ಮೇಲೆ ಕೂತಳು. ಅಳಬೇಕೋ ನಗಬೇಕೋ ತಿಳಿಯದೆ ಶಾಲೆಯ ಸಂಗತಿ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಸೈದಾಬಿಯ ಮುಖ ಬಿಳಚಿಕೊಂಡಿತು.

“ತೌಬಾ! ಮೊದಲs ಹೇಳಾಕ ಏನಾಗಿತ್ತು ನಿನಗ ಧಾಡಿ?”

“ನೀ ಕೆಡಸ್ತೀ ಅಂತ ಹೇಳಲಿಲ್ಲ.”

“ಹೇಳದs ಕೆಡ್ತಲ್ಲ! ಏಳು. ನಾಳೆ ರಾಣೆಬೆನ್ನೂರಿಗೆ ನಾನೂ ಬರ್ತೇನಿ.”

ಮರುದಿನ ಸೀಲಾಸಪ್ಪನವರು ಬಾಗಿಲು ತೆರೆದು, ಇಬ್ಬರು ಹೆಂಗಸರು ಜೋಡಿಯಾಗಿ ನಿಂತದ್ದು ನೋಡಿ, ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡರು. ಸೈದಾಬಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ತಾವು ಮದುವಣಿಗರಾದ ಸುದ್ದಿಯನ್ನು ಕೇಳಿ ಪಾದ್ರಿಗಳ ಮುಖ ಜಯವ್ವನ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಆದರೂ ಅನುಮಾನ ಬಿಡಬೇಕಲ್ಲ!

“ಮೊನ್ನೆ ಕೆಟ್ಟಾಕಿ, ಇವತ್ತ ಒಳ್ಳೇಕಿ. ನಡುವ ಈಕಿ ನಿನಗ ಏನು ಕೊಟ್ಲು?”

“ಹುಗ್ಗಿ ಕೊಟ್ಲರಿ ಸಾಹೇಬ್ರ. ಅದನ್ನ ನೋಡಿದ ಮ್ಯಾಲನs ನಾ ಇನ್ನಷ್ಟು ಕೆಟ್ಟದ್ದು ಹೇಳಿದ್ದು.”

ಸೀಲಾಸಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾರ ಖರೇ ಏನೈತಿ, ಅದನ್ನ ಹೇಳು. ಒಳ್ಳೇದು ಬ್ಯಾಡ. ಖರೇ.”

ಸೈದಾಬಿ ಸೆರಗು ಎಳೆದುಕೊಂಡಳು. “ಜಗಳಗಂಟಿ ಅದಾಳ್ರಿ. ಯಾರನ್ನೂ ನಂಬೂದಿಲ್ಲ. ಬಾಯಿ ಜೋರು. ಆದ್ರ ನನ್ನ ಮಗಳ ಕೂಸು ಹೋದಾಗ ಮಂದಿ ಬಂದ್ರು. ಒಬ್ರು ಹಣೆಬರಾ ಅಂದ್ರು, ಒಬ್ರು ಅಕೀದs ತಪ್ಪು ಅಂದ್ರು, ಎಲ್ಲಾರಿಗೂ ಎಲ್ಲಾ ಗೊತ್ತಿತ್ತು. ಮಗಳು ಈಕೀನ ಕೇಳಿದ್ಲು, ಕೂಸು ಎಲ್ಲೈತಿ ಅಂತ. ಈಕಿ ಏನೂ ಹೇಳಲಿಲ್ಲ. ಮಗಳ ಕಾಲು ತೊಡಿಮ್ಯಾಲ ಹಾಕ್ಕೊಂಡು ಕುಂತ್ಲು. ಮರುದಿನಾನೂ ಬಂದ್ಲು, ಅದರ ಮರುದಿನಾನೂ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಲಾರದಾಕಿ ನಮ್ಮ ಓಣ್ಯಾಗ ಈಕಿ ಒಬ್ಬಾಕೀನs.”

ಜಯವ್ವ ನೆಲ ನೋಡುತ್ತ ನಿಂತಿದ್ದಳು. ಒಂದು ವರ್ಷದಿಂದ ತನ್ನ ಸೋಲು ಅಂತ ಅವಳು ಹೊತ್ತುಕೊಂಡು ತಿರುಗಿದ್ದು ಅದನ್ನೇ.

ಸೀಲಾಸಪ್ಪನವರು ಕೊಡೆಯ ಹಿಡಿಕೆ ತಿರುವಿದರು. “ಆರು ತಿಂಗಳು ಕಳಸ್ತೇನಿ. ಅಲ್ಲಿಯವ್ರು ನೋಡಿ ಬರೀಲಿ, ಆಮ್ಯಾಲ ಮುಂದಿಂದು,” ಅಂದರು. ಅವರು ಪೂರ್ತಿ ನಂಬಿದರು ಅಂತಲ್ಲ. ಆದರೆ ಆ ಮನುಷ್ಯನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಹೊರಡುವ ದಿನ ಮೋಟೆಬೆನ್ನೂರಿನ ಹತ್ತಿರದ ಬ್ಯಾಡಗಿ ಸ್ಟೇಷನ್ನಿಗೆ ಚಕ್ಕಡಿಯಲ್ಲಿ ಹೋದರೆ ಸೈದಾಬಿಯೂ ಗಂಟು ಹಿಡಿದು ತಯಾರು. ಜಯವ್ವನನ್ನು ಶಾಲೆಗೆ ಒಪ್ಪಿಸಲು ಸೀಲಾಸಪ್ಪನವರು ರಾಣೆಬೆನ್ನೂರಿಂದ ಅದೇ ರೈಲಿನಲ್ಲಿ ಬರುತ್ತಿದ್ದರು.

“ನೀ ಎಲ್ಲಿಗೆ ಹೊಂಟೀ?” ಜಯವ್ವ ಕೇಳಿದಳು.

“ಹಾವೇರ್ಯಾಗ ನನ್ನ ತಂಗಿ ಮಕ್ತುಮಬಿ ಇಲ್ಲೇನು? ನೋಡಿ ಬರ್ತೇನಿ.” ಆಮೇಲೆ ದನಿ ಇಳಿಸಿ, “ಆ ಮುದುಕ ಯಾವ ಡಬ್ಬ್ಯಾಗ ಕುಂದ್ರತಾನ?”

ಸೀಲಾಸಪ್ಪನವರು ಬೇರೆ ಡಬ್ಬಿಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಜಯವ್ವನ ಜತೆ ಹೆಂಗಸರ ಡಬ್ಬಿ ಹತ್ತಿದಳು. ಹಾವೇರಿಯಲ್ಲಿ ಇಳಿದು ಕಿಟಕಿಗೆ ಮುಖ ಹಚ್ಚಿ, “ಹುಬ್ಬಳ್ಳಿ ತನಕ ಇಳೀಬ್ಯಾಡ. ಚಾ ಕುಡಿಯೂಣು ಬಾ ಅಂದ್ರೂ ಇಳೀಬ್ಯಾಡ,” ಅಂದಳು. ರೈಲು ಹೊರಟ ಮೇಲೆ ಜಯವ್ವ ಅತ್ತಳು, ನಕ್ಕಳು, ಆಮೇಲೆ ಗಂಟು ಯಾರಾದರೂ ಒಯ್ದಾರು ಅಂತ ಅದರ ಮೇಲೆ ಕೂತಳು.

ಆರು ತಿಂಗಳ ಮೇಲೆ ರಜೆಗೆ ಬಂದಳು. ಶಾಲೆಯವರು ಉಳಿಸಿಕೊಂಡಿದ್ದರು. ಓಣಿಗೆ ಕಾಲಿಟ್ಟೊಡನೆ ಸೈದಾಬಿ ತಿದಿ ಬಿಟ್ಟು ಓಡಿ ಬಂದು, ಸುಖವಾ ಅಂತ ಕೇಳುವ ಮೊದಲೇ ಜಯವ್ವನ ಸೆರಗು ಸರಿಸಿ ಕೊರಳು ನೋಡಿದಳು. ಕರಿಮಣಿ ಇರಲಿಲ್ಲ. ಆಗ ಒಳಗೆ ಹೋಗಿ ನೀರು ತಂದುಕೊಟ್ಟಳು.

ಮೈಮುನಾಬಿಯೂ ತವರಿಗೆ ಬಂದಿದ್ದಳು. ಗೋಡೆಗೊರಗಿ ಮೆಲ್ಲಗೆ ಕೇಳಿದಳು: “ಜಯಕ್ಕಾ, ಅಲ್ಲಿ ಹೇಳಿಕೊಟ್ರೇನು, ನಾ ಕೇಳಿದ್ದು?”

“ಪೂರಾ ಇನ್ನೂ ಗೊತ್ತಾಗಿಲ್ಲವ್ವಾ,” ಅಂದಳು ಜಯವ್ವ. “ಗೊತ್ತಾದಷ್ಟು ಹೇಳ್ತೇನಿ. ಕುಂದ್ರು.”

ಸೈದಾಬಿ ತಿದಿಯ ಕಡೆ ಹೋದವಳು ತಿರುಗಿ ಬಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.

“ಹೇಳು, ಹೇಳು. ಆದ್ರ ನಾನೂ ಇಲ್ಲೇ ಇರತೇನಿ. ನಿನ್ನ ಮ್ಯಾಲ ಒಂದು ಕಣ್ಣಿಟ್ಟಿರಬೇಕು.”